ಅಪ್‌ಡೇಟ್: ಸ್ಕ್ಲೆರಲ್ ಲೆನ್ಸ್ ಮಂಜಾಗುವುದು ಕಡಿಮೆಯಾಗಿದೆ
ಕೆರಟೋಕೋನಸ್‌ಗೆ (ಕಣ್ಣಿನ ಮುಂಭಾಗದ ಪಾರದರ್ಶಕ ಪದರವಾದ ಕಾರ್ನಿಯಾ ತೆಳುವಾಗಿ ಮುಂದಕ್ಕೆ ಉಬ್ಬುವ ಕಾಯಿಲೆ) ಕೊಟ್ಟ ಸ್ಕ್ಲೆರಲ್ ಲೆನ್ಸ್ (ಕಣ್ಣಿನ ಬಿಳಿ ಭಾಗದ ಮೇಲೆ ಕೂರುವ ದೊಡ್ಡ ಕಾಂಟ್ಯಾಕ್ಟ್ ಲೆನ್ಸ್) ಹಾಕಿ ಮೂರ್ನಾಲ್ಕು ಗಂಟೆಗೆಲ್ಲ ಮಂಜು ಕವಿದ ಹಾಗಾಗುತ್ತದೆ, ಏನು ಮಾಡಲಿ ಅಂತ ಕೇಳಿದ್ದೆ ಅಲ್ವಾ? ಈಗ ಎಷ್ಟೋ ವಾಸಿ. ಲೆನ್ಸ್ ಮತ್ತು ಕಾರ್ನಿಯಾ ನಡುವೆ ತುಂಬಿರುವ ಸಲೈನ್‌ಗೆ (ಶುದ್ಧ ಉಪ್ಪುನೀರಿಗೆ) ಕಣ್ಣೀರಿನ ಕಸ ಸೇರಿಕೊಳ್ಳುತ್ತಿತ್ತಂತೆ. ಲೆನ್ಸ್ ಕೊಟ್ಟವರು ಅಂಚಿನ ಅಳತೆ ಬದಲಿಸಿ ಹೊಸ ಲೆನ್ಸ್ ಮಾಡಿಸಿಕೊಟ್ಟರು. ಮಧ್ಯಾಹ್ನ ಒಮ್ಮೆ ತೆಗೆದು, ಪ್ರಿಸರ್ವೇಟಿವ್ ಇಲ್ಲದ ಹೊಸ ಸಲೈನ್ ತುಂಬಿ ಮತ್ತೆ ಹಾಕುತ್ತೇನೆ. ಹಾಕುವಾಗ ಮುಖ ಪೂರ್ತಿ ನೆಲದ ಕಡೆಗೆ ಬಗ್ಗಿಸಿ ಅಂತ ನಿಮ್ಮಲ್ಲೊಬ್ಬರು ಹೇಳಿದ್ದರು, ಗಾಳಿಗುಳ್ಳೆ ಸಿಕ್ಕಿಕೊಳ್ಳುವುದು ಅದರಿಂದಲೇ ನಿಂತಿತು, ತುಂಬಾ ಥ್ಯಾಂಕ್ಸ್. ನಲ್ಲಿ ನೀರಲ್ಲಿ ತೊಳೆಯುವುದನ್ನೂ ಬಿಟ್ಟೆ. ಅಕಾಂತಮೀಬಾ ಅನ್ನುವ ಸೂಕ್ಷ್ಮಜೀವಿಯ ಕಣ್ಣಿನ ಸೋಂಕು ಆ ನೀರಿನಿಂದ ಬರಬಹುದು ಅಂತ ನನಗೆ ಗೊತ್ತೇ ಇರಲಿಲ್ಲ, ದಯವಿಟ್ಟು ಯಾರೂ ಹಾಗೆ ಮಾಡಬೇಡಿ. ಲೆನ್ಸ್ ನೋಟ ಸರಿ ಮಾಡುತ್ತದೆ ಅಷ್ಟೇ, ಕಾಯಿಲೆ ಜಾಸ್ತಿಯಾಗುವುದನ್ನು ತಡೆಯುವುದಿಲ್ಲ. ಎಡಗಣ್ಣಿಗೆ ಕ್ರಾಸ್‌ಲಿಂಕಿಂಗ್ (ಕಾಯಿಲೆ ಮುಂದುವರಿಯದಂತೆ ಕಾರ್ನಿಯಾವನ್ನು ಗಟ್ಟಿ ಮಾಡುವ ಚಿಕಿತ್ಸೆ) ಬೇಕಾ ಅಂತ ಮುಂದಿನ ಟೊಪೋಗ್ರಫಿ (ಕಾರ್ನಿಯಾದ ಆಕಾರ ಅಳೆಯುವ ಪರೀಕ್ಷೆ) ನೋಡಿ ಹೇಳುತ್ತಾರಂತೆ. ಅಲ್ಲಿಯವರೆಗೆ ಕಾಯಿಲೆ ಜಾಸ್ತಿಯಾಗದಿರಲಿ ಅಂತ ಕಣ್ಣು ಉಜ್ಜುವುದಂತೂ ಪೂರ್ತಿ ಬಂದ್.