ತರಕಾರಿಯ ‘ರಾಸಾಯನಿಕ’ಕ್ಕೆ ಬೇರೆ ಪದ ಯಾವುದು?

ಎಲ್ಲರಿಗೂ ನಮಸ್ಕಾರ.

ಟೊಮೆಟೊಗೆ ಕೆಂಪು ಕೊಡುವ ಲೈಕೋಪೀನ್, ಅರಿಸಿನದ ಕರ್ಕ್ಯುಮಿನ್, ನೇರಳೆ ಹಣ್ಣಿನ ಆಂಥೋಸಯನಿನ್, ಚಹಾಕ್ಕೆ ಒಗರು ಕೊಡುವ ಟ್ಯಾನಿನ್. ಗಿಡಗಳು ತಾವೇ ತಯಾರಿಸುವ ಇಂಥ ವಸ್ತುಗಳಿಗೆ ಇಂಗ್ಲಿಷಿನಲ್ಲಿ ‘ಫೈಟೊಕೆಮಿಕಲ್’ ಅನ್ನುತ್ತಾರೆ. ಇವನ್ನೆಲ್ಲ ಒಟ್ಟಿಗೆ ಕನ್ನಡದಲ್ಲಿ ಏನಂತ ಕರೆಯೋಣ?

‘ಸಸ್ಯಜನ್ಯ ರಾಸಾಯನಿಕ’ ಅಂತ ಬರೆಯುವುದುಂಟು. ಅರ್ಥ ಸರಿಯೇ. ಆದರೆ ‘ರಾಸಾಯನಿಕ’ ಅಂದ ಕೂಡಲೇ ನಮ್ಮ ಜನಕ್ಕೆ ನೆನಪಾಗುವುದು ಗೊಬ್ಬರ, ಔಷಧಿ ಹೊಡೆದ ತರಕಾರಿ. ಅಂಗನವಾಡಿಗೆ ಬರುವ ತಾಯಂದಿರಿಗೆ ಕೊಡುವ ಹಾಳೆಯಲ್ಲಿ ‘ಸೊಪ್ಪಿನಲ್ಲಿ ರಾಸಾಯನಿಕಗಳಿವೆ, ಚೆನ್ನಾಗಿ ತಿನ್ನಿ’ ಅಂತ ಬರೆಯಲು ಆಗುತ್ತದೆಯೇ? ‘ಸಸ್ಯ ಪೋಷಕಾಂಶ’ ಅನ್ನೋಣವೆಂದರೆ ಅದು ಗಿಡಕ್ಕೆ ಹಾಕುವ ಸಾರಜನಕ, ರಂಜಕಗಳ ಹೆಸರಾಗಿಬಿಟ್ಟಿದೆ.

ವಿಟಮಿನ್ ವಿಷಯದಲ್ಲಿ ಈ ತೊಡಕಿಲ್ಲ. 1912ರಲ್ಲಿ ಕಾಸಿಮಿರ್ ಫಂಕ್ ಅನ್ನುವ ವಿಜ್ಞಾನಿ ‘ಜೀವಕ್ಕೆ ಬೇಕಾದ ಅಮೀನ್’ (ಅಮೀನ್ ಅಂದರೆ ಸಾರಜನಕ ಇರುವ ಒಂದು ಬಗೆಯ ವಸ್ತು) ಅನ್ನುವ ಅರ್ಥದಲ್ಲಿ ಆ ಹೆಸರಿಟ್ಟರು. ಎಲ್ಲವೂ ಅಮೀನ್ ಅಲ್ಲ ಅಂತ ಆಮೇಲೆ ಗೊತ್ತಾಯಿತು. ನಮ್ಮ ‘ಜೀವಸತ್ವ’ದಲ್ಲಿ ಆ ತಪ್ಪೂ ಇಲ್ಲ. ವಿಟಮಿನ್ ಸಿ ಸಿಗದಿದ್ದರೆ ಒಸಡಿನಲ್ಲಿ ರಕ್ತ ಬರುವ ಸ್ಕರ್ವಿ, ಬಿ1 ಸಿಗದಿದ್ದರೆ ನರಗಳು ದುರ್ಬಲವಾಗುವ ಬೆರಿಬೆರಿ, ಎ ಕಡಿಮೆಯಾದರೆ ಇರುಳುಗುರುಡು. ಜೀವಕ್ಕೆ ಬೇಕೇ ಬೇಕಾದ ಸತ್ವ ಅದು. ಲೈಕೋಪೀನ್ ಹಾಗಲ್ಲ. ಅದನ್ನು ತಿನ್ನದಿದ್ದರೆ ಇಂಥದ್ದೇ ಕೊರತೆಯ ಕಾಯಿಲೆ ಬರುತ್ತದೆ ಅಂತಿಲ್ಲ. ಹಾಗಾಗಿ ‘ಸಸ್ಯಸತ್ವ’ ಅಂದರೆ ಎರಡರ ನಡುವಿನ ಗೆರೆ ಅಳಿಸಿಹೋಗುತ್ತದೆ ಅನ್ನುವುದು ನನ್ನ ಆತಂಕ. ಬೀಟಾ ಕ್ಯಾರೋಟಿನ್ ಮಾತ್ರ ಎರಡೂ ಕಡೆ ಸಲ್ಲುತ್ತದೆ. ನುಗ್ಗೆಸೊಪ್ಪಿನಲ್ಲಿ, ಪರಂಗಿಹಣ್ಣಿನಲ್ಲಿ ಇರುವ ಈ ಬಣ್ಣ ನಮ್ಮ ಮೈಯೊಳಗೆ ವಿಟಮಿನ್ ಎ ಆಗುತ್ತದೆ. ಸೊಪ್ಪಿಗೆ ಎಣ್ಣೆಯ ಒಗ್ಗರಣೆ ಬಿದ್ದರೆ ಅದು ಮೈಗೆ ಇನ್ನೂ ಚೆನ್ನಾಗಿ ಹತ್ತುತ್ತದೆ.

ಇನ್ನೊಂದು ತೊಂದರೆ, ‘ಸತ್ವ’ ಅಂದರೆ ಎಲ್ಲವೂ ಒಳ್ಳೆಯದೇ ಅನ್ನಿಸುತ್ತದೆ, ಅಲ್ವಾ? ಊಟದ ಜೊತೆಗೇ ಚಹಾ ಕುಡಿದರೆ ಅದರ ಟ್ಯಾನಿನ್ ಸೊಪ್ಪು, ಕಾಳುಗಳ ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುತ್ತದೆ. ಕಬ್ಬಿಣ ಮೈ ಸೇರುವುದು ಕಡಿಮೆಯಾಗುತ್ತದೆ. ಅದೇ ಪಲ್ಯಕ್ಕೆ ನಿಂಬೆಹಣ್ಣು ಹಿಂಡಿದರೆ ವಿಟಮಿನ್ ಸಿಯಿಂದಾಗಿ ಜಾಸ್ತಿ ಸೇರುತ್ತದೆ. ರಕ್ತ ಕಡಿಮೆ ಇರುವ ಬಸುರಿಯರಿಗೆ ಈ ವ್ಯತ್ಯಾಸ ತಿಳಿಸಲೇಬೇಕು.

ನನಗೆ ಹತ್ತಿರ ಅನ್ನಿಸಿದ್ದು ‘ಸಸ್ಯಾಂಶ’. ಕಬ್ಬಿಣಾಂಶ, ಸಕ್ಕರೆ ಅಂಶ ಅನ್ನುವ ಮಾತು ಎಲ್ಲರಿಗೂ ಗೊತ್ತು. ‘ಅಂಶ’ಕ್ಕೆ ಒಳ್ಳೆಯದು, ಕೆಟ್ಟದ್ದು ಅನ್ನುವ ಬಣ್ಣವಿಲ್ಲ. ಓದಿದ ಕೂಡಲೇ ನಿಮಗೆ ಇದರಿಂದ ಏನು ಹೊಳೆಯುತ್ತದೆ?

ಟ್ಯಾನಿನ್‌ಗೆ ಮಾತ್ರ ಊರಿನ ಪದವೇ ಇರಬಹುದು. ಮಲೆನಾಡಿನಲ್ಲಿ ಎಳೆ ಅಡಿಕೆ ಬೇಯಿಸಿದ ಕೆಂಪು ನೀರಿಗೆ ‘ಚೊಗರು’ ಅನ್ನುತ್ತಾರೆ. ಅಡಿಕೆಗೆ ಬಣ್ಣ ಬರಲಿ ಅಂತ ಅದನ್ನೇ ಮತ್ತೆ ಹಾಕುತ್ತಾರೆ. ಅದರಲ್ಲಿ ತುಂಬಿರುವುದು ಟ್ಯಾನಿನ್ನೇ. ನೆಲ್ಲಿಕಾಯಿಯ ಒಗರು, ಬಾಳೆಹೂವಿನ ಒಗರು ಕೂಡ ಅದರದ್ದೇ. ‘ಚೊಗರು’ ಪದವನ್ನು ಅಡಿಕೆ ಬಿಟ್ಟು ಬೇರೆ ಕಾಯಿ, ತೊಗಟೆಗಳ ರಸಕ್ಕೂ ಬಳಸುವವರು ಇದ್ದೀರಾ? ಇದ್ದರೆ ಯಾವ ಊರಿನ ಕಡೆ, ಯಾವುದಕ್ಕೆ ಅಂತ ದಯವಿಟ್ಟು ತಿಳಿಸಿ.