ಅಮ್ಮನ ಆಂಜಿಯೋಗ್ರಾಂಗೆ ಯಾವ ಬಗೆಯ ದುಭಾಷಿಯನ್ನು ಕೇಳಲಿ?

ಕೊಪ್ಪದವಳು:
ನಾವಿರುವುದು ಅಮೆರಿಕದ ಓಹಾಯೋದಲ್ಲಿ. ಊರಿನಿಂದ ಬಂದಿರುವ ಅಮ್ಮನಿಗೆ ಮುಂದಿನ ವಾರ ಆಂಜಿಯೋಗ್ರಾಂ ಇದೆ. ದುಭಾಷಿ ಫೋನಿನಲ್ಲಿ ಸಾಕೋ, ವಿಡಿಯೋ ಬೇಕೋ, ಎದುರಿಗೇ ಬರಬೇಕೋ ಎಂದು ಆಸ್ಪತ್ರೆಯವರು ಕೇಳುತ್ತಿದ್ದಾರೆ. ಖರ್ಚು ನಮ್ಮ ತಲೆಗೆ ಬರುತ್ತದೆಯೇ? ನಾನೇ ಪಕ್ಕದಲ್ಲಿ ನಿಂತು ಹೇಳಿದರೆ ಆಗದೇ?

ಕೊಲಂಬಸ್ ಭಟ್ಟ:
ಇದಕ್ಕೆಲ್ಲ ದುಭಾಷಿ ಏಕೆ? ನಮ್ಮ ತಂದೆಯವರ ಪ್ರಾಸ್ಟೇಟ್ ತಪಾಸಣೆಗೆ ಒಂಬತ್ತನೇ ತರಗತಿಯ ನನ್ನ ಮಗಳೇ ಸಾಕಾದಳು.

ಶಾರದಕ್ಕ:
ಭಟ್ಟರೇ, ಮಗಳು ಜಾಣೆ, ಒಪ್ಪಿದೆ. ಆದರೆ ತಾತನ ಮೂತ್ರದ ತೊಂದರೆಯನ್ನು ಮೊಮ್ಮಗಳ ಬಾಯಲ್ಲಿ ಹೇಳಿಸುವುದು ಯಾವ ನ್ಯಾಯ? ತುರ್ತು ಸಂದರ್ಭ ಬಿಟ್ಟರೆ ಇಲ್ಲಿನ ನಿಯಮವೂ ಅದನ್ನು ಒಪ್ಪುವುದಿಲ್ಲ.

ಕೊಪ್ಪದವರೇ, ನಾನು ಆಸ್ಪತ್ರೆಗಳಲ್ಲಿ ಕನ್ನಡ ದುಭಾಷಿ. ಮೆಡಿಕೇರ್, ಮೆಡಿಕೇಡ್ ಎಂಬ ಸರ್ಕಾರಿ ಆರೋಗ್ಯ ವಿಮೆಗಳ ಮೂಲಕ ಕೇಂದ್ರ ಸರ್ಕಾರದ ಹಣ ಪಡೆಯುವ ಆಸ್ಪತ್ರೆ ದುಭಾಷಿಯನ್ನು ಉಚಿತವಾಗಿ ಒದಗಿಸಬೇಕು. 1964ರ ನಾಗರಿಕ ಹಕ್ಕುಗಳ ಕಾಯ್ದೆಯಿಂದ ಬಂದ ಹೊಣೆ ಅದು. 2010ರ ಆರೋಗ್ಯ ಕಾಯ್ದೆ ಅದನ್ನು ಬಿಗಿಗೊಳಿಸಿತು. ಅಮ್ಮ ಪ್ರವಾಸಿ ವೀಸಾದಲ್ಲಿ ಬಂದಿದ್ದರೂ ಅಷ್ಟೇ.

ಫೋನ್ ದುಭಾಷಿ ದಿನಾಂಕ ಗೊತ್ತುಮಾಡಲು, ಮಾತ್ರೆ ಎಷ್ಟು ಹೊತ್ತಿಗೆ ಎಂದು ಕೇಳಲು ಸಾಕು. ಕಿವಿ ಮಂದವಾದ ಹಿರಿಯರಿಗೆ ಅದು ಬೇಡವೇ ಬೇಡ. ಮಾಮೂಲಿ ತಪಾಸಣೆಗೆ ವಿಡಿಯೋ ಚೆನ್ನ: ನೋವು ಎಲ್ಲಿ ಎಂದು ಅಮ್ಮ ಕೈಯಿಟ್ಟು ತೋರಿಸಿದ್ದು ದುಭಾಷಿಗೂ ಕಾಣುತ್ತದೆ. ಆಂಜಿಯೋಗ್ರಾಂ ಹಾಗಲ್ಲ. ಅಪಾಯಗಳನ್ನು ವಿವರಿಸಿ ಒಪ್ಪಿಗೆಪತ್ರಕ್ಕೆ ಅಮ್ಮನಿಂದಲೇ ಸಹಿ ಹಾಕಿಸುತ್ತಾರೆ; ಎದುರಿಗೇ ಬರುವವರನ್ನು ಕೇಳಿ. ಈಗಲೇ ಕೇಳಿ, ‘ಕನ್ನಡ’ ಎಂದು ಒತ್ತಿ ಹೇಳಿ. ಭಾರತದವರು ಎಂದಷ್ಟೇ ಕೇಳಿಸಿಕೊಂಡು ಹಿಂದಿಯವರನ್ನು ಕಳಿಸುವುದುಂಟು. ಕನ್ನಡದವರು ಹತ್ತಿರದಲ್ಲಿ ಸಿಗದಿದ್ದರೆ ವಿಡಿಯೋ ಇರಲಿ.

ನೀವು ಹೇಳಿದರೆ ಆಗದೇ ಎಂದಿರಿ. ಅಮ್ಮ ಹೆದರಿಯಾಳೆಂದು ಅರ್ಧ ನುಂಗುತ್ತೀರಿ; ಎಲ್ಲ ಹೆಣ್ಣುಮಕ್ಕಳೂ ಹಾಗೇ ಮಾಡುತ್ತಾರೆ, ಗಂಡುಮಕ್ಕಳು ಇನ್ನೂ ಹೆಚ್ಚು. ನೀವು ಮಗಳಾಗಿಯೇ ಪಕ್ಕದಲ್ಲಿರಿ. ವೈದ್ಯರು ಅಮ್ಮನನ್ನು ನೋಡಿಯೇ ಮಾತನಾಡಲಿ, ಎರಡು ವಾಕ್ಯಕ್ಕೊಮ್ಮೆ ನಿಲ್ಲಿಸಿ ದುಭಾಷಿಗೆ ಹೇಳಲು ಬಿಡಲಿ. ಹೆಡ್‌ಫೋನಿನಲ್ಲಿ ಜೊತೆಜೊತೆಗೇ ಕೇಳಿಸುವ ಅನುವಾದ ಸಮ್ಮೇಳನಗಳ ಮಾತು. ಅಲ್ಲಿ ಇಬ್ಬರು ದುಭಾಷಿಗಳು ಸರದಿಯಲ್ಲಿ ಕೂರುತ್ತಾರೆ.

ಕೊಲಂಬಸ್ ಭಟ್ಟ:
ಸರಿ ಅಕ್ಕಾ. ನಮ್ಮ ಅತ್ತೆಯವರ ಗ್ರೀನ್ ಕಾರ್ಡ್ ಸಂದರ್ಶನಕ್ಕೂ ದುಭಾಷಿಯನ್ನು ವಲಸೆ ಕಚೇರಿಯವರೇ ಕೊಡುತ್ತಾರೆಯೇ?

ಶಾರದಕ್ಕ:
ಇಲ್ಲ, ಸಾಮಾನ್ಯವಾಗಿ ನೀವೇ ಕರೆದೊಯ್ಯಬೇಕು. ಎರಡೂ ಭಾಷೆ ಚೆನ್ನಾಗಿ ಬಲ್ಲ ವಯಸ್ಕರಿರಲಿ. ಅಧಿಕಾರಿಯ ಮುಂದೆ ಜಿ-1256 ಎಂಬ ನಮೂನೆಗೆ ಅತ್ತೆಯವರೂ ದುಭಾಷಿಯೂ ಸಹಿ ಹಾಕುತ್ತಾರೆ. ಮೊಮ್ಮಗಳನ್ನು ಅಲ್ಲಿಗೂ ಕರೆದೊಯ್ಯಬೇಡಿ!