ಸಹಾಯ ಬೇಕು: ಗೇಮ್ ಡಿಸೈನ್ ಪದವಿಗೆ ಪೋರ್ಟ್‌ಫೋಲಿಯೊ ಸಿದ್ಧಪಡಿಸುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ವಿಶ್ವವಿದ್ಯಾಲಯದಲ್ಲಿ ಗೇಮ್ ಡಿಸೈನ್ ಓದಬೇಕೆಂದು ನಿರ್ಧರಿಸಿರುವ ನನಗೆ, ಈ ಕ್ಷೇತ್ರದಲ್ಲಿ ದುಡಿಯುತ್ತಿರುವವರ ಅಥವಾ ಇದೇ ಪದವಿ ಮುಗಿಸಿದವರ ಸಲಹೆ ಬೇಕಾಗಿದೆ.

ಆಟದ ನಿಯಮಗಳು, ಹಂತಗಳ ರಚನೆ, ಸವಾಲಿನ ಏರಿಳಿತ ಇವನ್ನು ರೂಪಿಸುವುದು ಡಿಸೈನರ್ ಕೆಲಸ. ಪ್ರೋಗ್ರಾಮಿಂಗ್ ಮತ್ತು ಚಿತ್ರಕಲೆ ಅದಕ್ಕೆ ಹೊಂದಿಕೊಂಡ ಬೇರೆ ಕಸುಬುಗಳು ಎಂಬುದನ್ನು ಬಲ್ಲೆ. ಕೆಲವು ತಿಂಗಳಿಂದ ಕಾಗದ ಮತ್ತು ದಾಳಗಳಿಂದಲೇ ಮಾದರಿಗಳನ್ನು ಮಾಡಿ, ಗೆಳೆಯರಿಂದ ಆಡಿಸಿ, ಅವರು ಎಲ್ಲಿ ತಡವರಿಸುತ್ತಾರೆಂಬುದನ್ನು ಬರೆದಿಟ್ಟುಕೊಂಡು ನಿಯಮಗಳನ್ನು ತಿದ್ದುತ್ತಿದ್ದೇನೆ. ಈ ತಿದ್ದುವ ಕೆಲಸವೇ ನನ್ನನ್ನು ಹೆಚ್ಚು ಸೆಳೆದಿದೆ. ಆಟ ಕಟ್ಟುವ ಉಚಿತ ಮುಕ್ತ ತಂತ್ರಾಂಶವಾದ ಗೊಡಾಟ್‌ನಲ್ಲಿ ಒಂದು ಪುಟ್ಟ ಒಗಟಿನ ಆಟವನ್ನೂ ಪೂರ್ಣಗೊಳಿಸಿದ್ದೇನೆ.

ಮುಖ್ಯ ಗೊಂದಲ ಪೋರ್ಟ್‌ಫೋಲಿಯೊ, ಅಂದರೆ ಪ್ರವೇಶಕ್ಕಾಗಿ ಸಲ್ಲಿಸುವ ನನ್ನ ಕೆಲಸಗಳ ಸಂಗ್ರಹದ ಕುರಿತದ್ದು. ಮುಗಿದ ಆಟವನ್ನಷ್ಟೇ ತೋರಿಸಬೇಕೇ, ಅಥವಾ ಕೈಬಿಟ್ಟ ಮಾದರಿಗಳನ್ನೂ ಅವನ್ನು ಏಕೆ ಕೈಬಿಟ್ಟೆನೆಂಬ ಟಿಪ್ಪಣಿಗಳನ್ನೂ ಸೇರಿಸಬೇಕೇ? ಎರಡನೆಯದೇ ಸರಿ ಎಂದು ನನಗನ್ನಿಸುತ್ತದೆ, ಏಕೆಂದರೆ ಯೋಚನೆಯ ಜಾಡು ಕಾಣುವುದು ಅಲ್ಲಿಯೇ. ಆಟ ಕಟ್ಟುವ ಇನ್ನೊಂದು ತಂತ್ರಾಂಶವಾದ ಯುನಿಟಿ ಮತ್ತು ಅದರಲ್ಲಿ ಬಳಸುವ ಪ್ರೋಗ್ರಾಮಿಂಗ್ ಭಾಷೆ ಸಿ ಶಾರ್ಪ್ ಈಗಲೇ ಕಲಿಯಬೇಕೇ? 2009ರಲ್ಲಿ ಆರಂಭವಾದ ಗ್ಲೋಬಲ್ ಗೇಮ್ ಜಾಮ್‌ನಂಥ ಕೂಟದಲ್ಲಿ, ಅಪರಿಚಿತರ ತಂಡದೊಡನೆ ಕೆಲವೇ ದಿನಗಳಲ್ಲಿ ಆಟ ಕಟ್ಟಿದ ಅನುಭವವನ್ನು ಪ್ರವೇಶದ ವೇಳೆ ಪರಿಗಣಿಸುತ್ತಾರೆಯೇ?

ತಾವು ಸಲ್ಲಿಸಿದ ಪೋರ್ಟ್‌ಫೋಲಿಯೊವನ್ನು ತೋರಿಸಬಲ್ಲವರಿದ್ದರೆ ದಯವಿಟ್ಟು ಇಲ್ಲಿಯೇ ಉತ್ತರಿಸಿ.